ಹಳೆಯ ಮೊಬೈಲು, ಪರರ ಗಂಟು

ಮಹಾರಾಷ್ಟ್ರಕ್ಕೆ ಬಂದು ನೆಲೆಸಿದ ಕನ್ನಡಿಗರ ಕಿವಿಗೆ ಮೊದಮೊದಲು ತಮಾಷೆಯಾಗಿ ಕೇಳುವ ಮಾತೊಂದುಂಟು. ಓಣಿಯಲ್ಲಿ ಕೈಗಾಡಿ ತಳ್ಳಿಕೊಂಡು ಬರುವವನು ‘ಭಂಗಾರ್, ಭಂಗಾರ್’ ಎಂದು ಕೂಗುತ್ತಾನೆ. ಊರಿನಿಂದ ಹೊಸದಾಗಿ ಬಂದ ತಾಯಂದಿರು ‘ಇದೇನಪ್ಪಾ, ಈ ಊರಲ್ಲಿ ಬಂಗಾರವನ್ನೂ ಗಾಡಿಯ ಮೇಲೆ ಮಾರುತ್ತಾರೆಯೆ?’ ಎಂದು ಬೆರಗಾಗುತ್ತಾರೆ. ಮರಾಠಿಯ ಭಂಗಾರವೆಂದರೆ ನಮ್ಮ ಗುಜರಿ ಸಾಮಾನು ಎಂದು ತಿಳಿದ ಮೇಲೆ ಮನೆಮಂದಿಯೆಲ್ಲ ನಗುತ್ತಾರೆ. ಒಂದು ಮಹಾಪ್ರಾಣ ಸೇರಿದರೆ ಸಾಕು, ಚಿನ್ನ ಕಸವಾಗಿಬಿಡುತ್ತದೆ!

ನಮ್ಮ ಲೋಣಾವಳಾದಂಥ ಸಣ್ಣ ಊರಿನಲ್ಲೂ ಈಗ ಹಳೆಯ ಕಬ್ಬಿಣ, ರದ್ದಿ, ಬಾಟಲಿಗಳ ಜೊತೆಗೆ ಹಳೆಯ ಮೊಬೈಲು ಫೋನುಗಳು ಭಂಗಾರದ ಸಾಲಿಗೆ ಸೇರಿವೆ. ಹಿಂದೆ ಹಳೆಯ ಬಟ್ಟೆ ಕೊಟ್ಟು ಸ್ಟೀಲು ಪಾತ್ರೆ ಕೊಳ್ಳುತ್ತಿದ್ದಂತೆ ಇಂದು ಕೆಟ್ಟ ಫೋನು ಕೊಟ್ಟು ಪ್ಲಾಸ್ಟಿಕ್ ಟಬ್ಬು ತೆಗೆದುಕೊಳ್ಳುವುದುಂಟು. ಇನ್ನು ಕೆಲವರು ಅಂಗಡಿಯಲ್ಲಿ ಹಳೆಯದನ್ನು ಒಪ್ಪಿಸಿ ಹೊಸದರ ಬೆಲೆಯಲ್ಲಿ ಸಾವಿರವೋ ಎರಡು ಸಾವಿರವೋ ಇಳಿಸಿಕೊಂಡು ಬರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಭಂಗಾರವೆಂದು ನಾವು ಕೊಟ್ಟ ಆ ವಸ್ತುವಿನೊಳಗೆ ಬೇರೆ ಯಾರದೋ ಬಂಗಾರ ಉಳಿದುಹೋಗಿದ್ದರೆ? ಈ ವಿಷಯವನ್ನು ಸಾಮಾನ್ಯವಾಗಿ ಬ್ಯಾಂಕಿನ ಹಣದ ಸುರಕ್ಷತೆಯ ಪ್ರಶ್ನೆಯೆಂದಷ್ಟೇ ಚರ್ಚಿಸುತ್ತಾರೆ. ನನಗೆ ಇದು ಮೊದಲಿಗೆ ನೀತಿಯ ಪ್ರಶ್ನೆಯಾಗಿ ತೋರುತ್ತದೆ. ಆ ದೃಷ್ಟಿಯಿಂದ ನಾಲ್ಕು ಮಾತು ಬರೆಯುತ್ತೇನೆ.

ಒಂದು ಸಾಧಾರಣ ಸಂಸಾರದ ಫೋನಿನಲ್ಲಿ ಏನೇನಿರುತ್ತದೆಂದು ಎಣಿಸಿ ನೋಡೋಣ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಊರೆಂಬುದು ಈಗ ಬಹುಮಟ್ಟಿಗೆ ಈ ಅಂಗೈಯಗಲದ ಗಾಜಿನೊಳಗೇ ಇದೆ. ಅಣ್ಣ ಕಳಿಸಿದ ಪಹಣಿ ಪತ್ರದ ಚಿತ್ರ, ಮನೆ ಪಾಲಾದಾಗ ಬರೆದ ಪತ್ರದ ನಕಲು. ತಾಯಿಯ ರಕ್ತ ಪರೀಕ್ಷೆಯ ವರದಿ. ಅತ್ತೆಮನೆಯಲ್ಲಿ ನೊಂದ ತಂಗಿ ರಾತ್ರಿ ಹನ್ನೊಂದು ಗಂಟೆಗೆ ಅಳುತ್ತ ಕಳಿಸಿದ ಧ್ವನಿ. ಸಾಲ ಕೇಳಿದ ಗೆಳೆಯ ‘ಯಾರಿಗೂ ಹೇಳಬೇಡ ಮಾರಾಯ’ ಎಂದು ಬರೆದ ನಾಲ್ಕು ಸಾಲು. ಪಕ್ಕದ ಮನೆಯ ಅಜ್ಜಿ ‘ಒಂದು ಝೆರಾಕ್ಸ್ ಮಾಡಿಸಿಕೊಡಪ್ಪಾ’ ಎಂದು ಕೊಟ್ಟ ಆಧಾರ್ ಕಾರ್ಡಿನ ಚಿತ್ರ. ಸಂಘದ ಸದಸ್ಯರ ಹೆಸರು, ವಿಳಾಸ, ನಂಬರುಗಳ ಪಟ್ಟಿ. ಇವುಗಳಲ್ಲಿ ನಮ್ಮದು ಯಾವುದು? ಫೋನು ಕೊಂಡ ರಸೀತಿ ನಮ್ಮ ಹೆಸರಿನಲ್ಲಿದೆ, ನಿಜ. ಒಳಗಿರುವ ಸರಕಿನ ಬಹುಪಾಲು ಪರರದು.

ಮದುವೆಯ ಮಾತುಕತೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಮ್ಮ ಹಿರಿಯರ ಕಾಲದಲ್ಲಿ ಹೆಣ್ಣಿನ ಕಡೆಯವರು ಜಾತಕವನ್ನೂ ಒಂದು ಭಾವಚಿತ್ರವನ್ನೂ ಅಂಚೆಯಲ್ಲಿ ಕಳಿಸುತ್ತಿದ್ದರು. ಸಂಬಂಧ ಕೂಡಿಬರದಿದ್ದರೆ ‘ಜಾತಕಾನುಕೂಲವಿಲ್ಲ, ಅನ್ಯಥಾ ಭಾವಿಸಬಾರದು’ ಎಂದು ಎರಡು ಸಾಲು ಬರೆದು ಭಾವಚಿತ್ರವನ್ನು ಹಿಂದಕ್ಕೆ ಕಳಿಸುವುದು ಮರ್ಯಾದಸ್ಥರ ವಾಡಿಕೆಯಾಗಿತ್ತು. ತಾವು ಒಲ್ಲೆವೆಂದ ಹೆಣ್ಣಿನ ಚಿತ್ರ ತಮ್ಮ ಮನೆಯಲ್ಲಿ ಉಳಿಯಬಾರದೆಂಬ ಸೂಕ್ಷ್ಮ ಅದರಲ್ಲಿತ್ತು. ಇಂದು ಚಿತ್ರ ಬರುವುದು ವಾಟ್ಸಾಪಿನಲ್ಲಿ; ಅದೂ ಒಂದೆರಡಲ್ಲ. ಜೊತೆಗೆ ಹುಟ್ಟಿದ ದಿನ, ಗಳಿಗೆ, ಓದು, ಸಂಬಳ, ತಂದೆಯ ನಂಬರು. ಸಂಬಂಧ ಬೇಡವಾದರೆ ಉತ್ತರವನ್ನೇ ಬರೆಯದವರಿದ್ದಾರೆ. ಚಿತ್ರವನ್ನು ಹಿಂದಿರುಗಿಸುವ ಮಾತಂತೂ ಏಳುವುದೇ ಇಲ್ಲ. ಹಿಂದಿರುಗಿಸಲು ಕೈಯಲ್ಲಿ ಕಾಗದವೆಲ್ಲಿದೆ? ಹೀಗೆ ಎಂಟು ಹತ್ತು ಮನೆಗಳ ಹೆಣ್ಣುಮಕ್ಕಳ ಚಿತ್ರಗಳು ಒಂದು ಫೋನಿನಲ್ಲಿ ಉಳಿದು, ಆ ಫೋನಿನೊಡನೆ ಅಂಗಡಿಗೆ, ಅಲ್ಲಿಂದ ಮತ್ತೆಲ್ಲಿಗೋ ಹೊರಟುಹೋಗುತ್ತವೆ. ಆ ತಂದೆತಾಯಿಗಳು ನಂಬಿದ್ದು ನಮ್ಮನ್ನು, ಫೋನು ಕೊಂಡವನನ್ನಲ್ಲ. ಹಿಂದಿರುಗಿಸಲಾಗದ್ದನ್ನು ಅಳಿಸಿಬಿಡುವುದೇ ಈ ಕಾಲದ ಹಿಂದಿರುಗಿಸುವಿಕೆ ಎಂದು ನನ್ನ ಎಣಿಕೆ.

‘ನನ್ನ ಫೋನಿನಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಯಾರು ಬೇಕಾದರೂ ನೋಡಲಿ’ ಎನ್ನುವ ಸಜ್ಜನರಿದ್ದಾರೆ. ಆ ಮಾತಿನಲ್ಲಿ ಪ್ರಾಮಾಣಿಕತೆಯಿದೆ, ಅದರ ಜೊತೆಗೆ ಒಂದು ಮರೆವೂ ಇದೆ. ಹೇಳುವವರು ತಮ್ಮೊಬ್ಬರ ಲೆಕ್ಕವನ್ನಷ್ಟೇ ಹೇಳುತ್ತಿದ್ದಾರೆ. ತನ್ನ ಮನೆಯ ಬಾಗಿಲನ್ನು ತೆರೆದಿಟ್ಟು ಮಲಗುವ ಸ್ವಾತಂತ್ರ್ಯ ಒಬ್ಬನಿಗೆ ಇದ್ದೀತು. ಆದರೆ ನೆರೆಯವರು ಕಾಶಿಯಾತ್ರೆಗೆ ಹೋಗುವಾಗ ಒಪ್ಪಿಸಿಹೋದ ಪೆಟ್ಟಿಗೆ ಆ ಮನೆಯಲ್ಲಿದ್ದರೆ, ಬಾಗಿಲು ತೆರೆದಿಡುವುದು ಧಾರಾಳತನ ಎನಿಸಿಕೊಳ್ಳದು.

ಇಂಥ ಪೆಟ್ಟಿಗೆಯ ವಿಚಾರವನ್ನು ನಮ್ಮ ಹಿಂದಿನವರು ಬಹಳ ಸೂಕ್ಷ್ಮವಾಗಿ ಯೋಚಿಸಿದ್ದರು. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ‘ಉಪನಿಧಿ’ ಎಂಬ ಪ್ರಕರಣವೊಂದಿದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ. ಒಳಗೇನಿದೆ ಎಂದು ಹೇಳದೆ ಪಾತ್ರೆಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು ಇನ್ನೊಬ್ಬನ ಕೈಗೆ ಕೊಟ್ಟ ವಸ್ತುವೇ ಉಪನಿಧಿ. ಅದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕು ಎಂಬುದು ಅಲ್ಲಿಯ ನಿಯಮದ ಸಾರ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ತನ್ನಿಷ್ಟದಂತೆ ಅದನ್ನು ಬಳಸಿ ಲಾಭ ಮಾಡಿಕೊಂಡವನಿಗೆ ದಂಡವುಂಟು.

ಈ ವಿವೇಚನೆಯನ್ನು ನಮ್ಮ ಫೋನಿಗೆ ಅನ್ವಯಿಸಿ ನೋಡಿ. ಪುಣೆ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಫೋನು ಕಳುವಾದರೆ ಅದು ಕಳ್ಳರಿಂದ ಹೋದದ್ದು. ಮಳೆಗಾಲದಲ್ಲಿ ಭೂಶಿ ಅಣೆಕಟ್ಟಿನ ಮೆಟ್ಟಿಲ ನೀರಿನಲ್ಲಿ ಕೊಚ್ಚಿಹೋದರೆ ದೈವದಿಂದ ಹೋದದ್ದು. ಅದಕ್ಕಾಗಿ ಯಾರೂ ನಮ್ಮನ್ನು ದೂಷಿಸಲಾರರು. ನಾವೇ ಕೈಯಾರೆ ಒಯ್ದು, ಚೌಕಾಶಿ ಮಾಡಿ, ಹಣ ಎಣಿಸಿಕೊಂಡು ಕೊಟ್ಟಾಗ ಏನೆನ್ನಬೇಕು? ಪರರ ಗಂಟೂ ಆ ಬೆಲೆಯೊಳಗೆ ಸೇರಿಹೋಯಿತಲ್ಲವೆ?

‘ಅವರು ತಾವಾಗಿಯೇ ಕಳಿಸಿದರು, ಕಳಿಸಿದ ಮೇಲೆ ಅದು ನನ್ನದಾಯಿತು’ ಎಂದು ವಾದಿಸಬಹುದು. ಕೊಡುವುದರಲ್ಲಿ ಎರಡು ಬಗೆಯುಂಟು. ಹಬ್ಬಕ್ಕೆ ಕೊಟ್ಟ ಸೀರೆ ದಾನ. ಅದನ್ನು ಉಟ್ಟರೂ ಸರಿ, ಬೇರೆಯವರಿಗೆ ಕೊಟ್ಟರೂ ಸರಿ. ‘ಇದನ್ನು ನಿನ್ನಲ್ಲಿಟ್ಟುಕೋ’ ಎಂದು ಕೊಟ್ಟ ಸರ ದಾನವಲ್ಲ. ತಂಗಿಯ ಅಳುವಿನ ಧ್ವನಿ ಇವೆರಡರಲ್ಲಿ ಯಾವುದು? ಅವಳು ಅಣ್ಣನ ಕಿವಿಗೆ ಹೇಳಿದಳು. ಕಿವಿಯ ಬದಲಿಗೆ ಯಂತ್ರವೊಂದು ಇದ್ದದ್ದರಿಂದ ಅದು ಉಳಿಯಿತು. ಆಡಿದ ಮಾತು ಗಾಳಿಯಲ್ಲಿ ಕರಗುತ್ತಿದ್ದ ಕಾಲದಲ್ಲಿ ಬಾಯಿ ಬಿಗಿಹಿಡಿದರೆ ಸಾಕಿತ್ತು. ಮಾತು ಅಚ್ಚಾಗಿ ಉಳಿಯುವ ಈ ಕಾಲದಲ್ಲಿ ಬಾಯಿಯ ಜೊತೆಗೆ ಕೈಯೂ ಜವಾಬ್ದಾರಿ ಹೊರಬೇಕಾಗಿದೆ.

ಕಾನೂನು ಏನನ್ನುತ್ತದೆ ಎಂಬುದನ್ನೂ ನೋಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯ ಬಗ್ಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಒಂದು ಎಂದು ಒಮ್ಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಡೀ ದೇಶದ ಕಾನೂನು ಪುಸ್ತಕಗಳಲ್ಲಿ ಈ ಹಕ್ಕು ಒಬ್ಬ ಕನ್ನಡಿಗರ ಹೆಸರಿನಿಂದಲೇ ಕರೆಯಲ್ಪಡುತ್ತಿದೆ ಎಂಬುದು ನಮಗೆ ಹೆಮ್ಮೆಯ ವಿಷಯ. ಆ ತೀರ್ಪಿನ ದಾರಿಯಲ್ಲೇ ಸಂಸತ್ತು 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಒಂದು ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ಆ ಕಾಯಿದೆಯ 3ನೆಯ ಕಲಮಿನಲ್ಲಿ ಗಮನಿಸಬೇಕಾದ ಒಂದು ವಿನಾಯಿತಿ ಇದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕಾಗಿ ಬಳಸುವ ಮಾಹಿತಿಗೆ ಕಾಯಿದೆ ಅನ್ವಯಿಸುವುದಿಲ್ಲ. ಬ್ಯಾಂಕು, ಕಂಪೆನಿಗಳು ನಿಯಮ ಮೀರಿದರೆ ಕೋಟಿಗಟ್ಟಲೆ ದಂಡ. ಮನೆಯ ಯಜಮಾನ ಮೀರಿದರೆ ಏನೂ ಇಲ್ಲ. ಇದು ಸರಿಯೇ. ಸಂಸಾರದ ಅಡುಗೆಮನೆಯೊಳಕ್ಕೆ ಸರಕಾರ ಇಣುಕುವುದು ಯಾರಿಗೂ ಬೇಡ. ಆದರೆ ಕಾನೂನು ಬಿಟ್ಟುಕೊಟ್ಟ ಜಾಗ ಬರಿದಾದ ಜಾಗವಲ್ಲ. ಅಲ್ಲಿ ಕಾವಲುಗಾರನಿಲ್ಲದ್ದರಿಂದ ನಮ್ಮ ಮನಸ್ಸಾಕ್ಷಿಯೇ ಕಾವಲು ನಿಲ್ಲಬೇಕು.

ಕೇಂದ್ರ ಸರಕಾರದ ಕಛೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಈ ಸಂದರ್ಭದಲ್ಲಿ ನೆನಪಾಗುವುದು ನಮ್ಮ ರೆಕಾರ್ಡ್ ರೂಮು. ಹಳೆಯ ಕಡತಗಳು ಧೂಳು ತಿನ್ನುತ್ತ ಬಿದ್ದಿವೆಯೆಂದು ಜನ ನಮ್ಮನ್ನು ಹಾಸ್ಯ ಮಾಡುತ್ತಾರೆ. ಆದರೆ ಒಂದು ಕಡತವನ್ನು ತೆಗೆದುಹಾಕುವುದು ಅದನ್ನು ತೆರೆಯುವುದಕ್ಕಿಂತ ಕಷ್ಟದ ಕೆಲಸ. ಯಾವುದನ್ನು ಎಷ್ಟು ವರ್ಷ ಇಡಬೇಕೆಂಬ ಪಟ್ಟಿಯನ್ನು ನೋಡಬೇಕು, ಕಡತವನ್ನು ಪರಿಶೀಲಿಸಬೇಕು, ಮೇಲಧಿಕಾರಿಯ ಒಪ್ಪಿಗೆ ಪಡೆಯಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯ ಪ್ರಕಾರ, ನಿಯಮ ಬಿಟ್ಟು ದಾಖಲೆಯನ್ನು ನಾಶಮಾಡಿದವರಿಗೆ 5 ವರ್ಷಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಗೋಪ್ಯ ಕಾಗದವನ್ನು ಇಡಿಯಾಗಿ ರದ್ದಿಗೆ ಹಾಕುವಂತಿಲ್ಲ. ಸುಡಬೇಕು ಇಲ್ಲವೆ ಚೂರುಚೂರು ಮಾಡಬೇಕು. ಇಡುವುದಕ್ಕೆ ಒಂದು ಶಿಸ್ತಿರುವಂತೆ ಕಳೆಯುವುದಕ್ಕೂ ಒಂದು ಶಿಸ್ತಿದೆ. ಮನೆಯಲ್ಲಿ ನಾವು ಅಷ್ಟು ವಿಧಿವಿಧಾನ ನಡೆಸಬೇಕಾಗಿಲ್ಲ, ಆದರೆ ಒಂದು ಸಂಜೆಯನ್ನಾದರೂ ಅದಕ್ಕಾಗಿ ಮೀಸಲಿಡಬಾರದೆ?

ಇನ್ನು ಯಂತ್ರದ ಗುಣವನ್ನು ಸ್ವಲ್ಪ ಅರಿಯಬೇಕು. ಚಿತ್ರವನ್ನು ‘ಡಿಲೀಟ್’ ಮಾಡಿದೆವು, ಕಸದ ಬುಟ್ಟಿಯಿಂದಲೂ ತೆಗೆದೆವು ಎಂದರೆ ಅದು ಹೋಯಿತೆಂದು ಭಾವಿಸುತ್ತೇವೆ. ಗ್ರಂಥಾಲಯದ ಸೂಚಿಯಿಂದ ಒಂದು ಚೀಟಿಯನ್ನು ಕಿತ್ತುಹಾಕಿದರೆ ಪುಸ್ತಕ ಕಪಾಟಿನಲ್ಲೇ ಇರುತ್ತದಷ್ಟೆ, ಇದೂ ಹಾಗೆ. ಆ ಜಾಗದಲ್ಲಿ ಹೊಸದೇನಾದರೂ ಬಂದು ಕೂರುವವರೆಗೆ ಹಳೆಯದು ಇದ್ದೇ ಇರುವ ಸಂಭವವುಂಟು. ಫೋನಿನ ನೆನಪು ನಿಂತಿರುವುದು ಫ್ಲ್ಯಾಶ್ ಮೆಮೊರಿಯ ಮೇಲೆ. ಜಪಾನಿನ ತೋಷಿಬಾ ಕಂಪೆನಿಯ ಫುಜಿಯೊ ಮಸುವೊಕಾ 1984ರಲ್ಲಿ ವಿಜ್ಞಾನಿಗಳ ಮುಂದಿಟ್ಟ ಶೋಧನೆಯದು. ಅದರ ಸಣ್ಣ ಸಣ್ಣ ಕೋಶಗಳು ಬರೆದಷ್ಟೂ ಸವೆಯುತ್ತವೆ. ಎಲ್ಲ ಕೋಶಗಳೂ ಸಮವಾಗಿ ಸವೆಯಲೆಂದು ಯಂತ್ರವು ಪ್ರತಿಸಲವೂ ಬೇರೆ ಬೇರೆ ಕಡೆ ಬರೆಯುತ್ತದೆ. ಆದ್ದರಿಂದ ನಾವು ಒಂದರ ಮೇಲೆ ಒಂದು ಬರೆದೆವೆಂದುಕೊಂಡರೂ ಹಳೆಯದು ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಗೂಢಲಿಪಿ. ಫೋನಿನೊಳಗಿನ ಎಲ್ಲವನ್ನೂ ಒಂದು ಗುಪ್ತ ಕೀಲಿಯ ಸಹಾಯದಿಂದ ಅರ್ಥವಾಗದ ಲಿಪಿಯಲ್ಲಿ ಬರೆದಿಡುವುದು. ಫೋನನ್ನು ‘ಫ್ಯಾಕ್ಟರಿ ರೀಸೆಟ್’ ಮಾಡಿದಾಗ ಆ ಕೀಲಿಯನ್ನೇ ನಾಶಪಡಿಸುವುದು. ತಿಜೋರಿ ಉಳಿದರೂ ಕೀಲಿಕೈ ಸಮುದ್ರದ ಪಾಲಾದಂತೆ. ಹಿಂದಿನ ಫೋನುಗಳಲ್ಲಿ ಈ ಅನುಕೂಲವಿರಲಿಲ್ಲ. 2015ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ ಎಂಬ ಸಂಶೋಧಕರು 21 ಹಳೆಯ ಆಂಡ್ರಾಯ್ಡ್ ಫೋನುಗಳನ್ನು ಪರೀಕ್ಷಿಸಿ, ರೀಸೆಟ್ ಮಾಡಿದ ಮೇಲೂ ಮಾಹಿತಿ ಸರಿಯಾಗಿ ಅಳಿಯದಂಥ ಫೋನುಗಳು ಜಗತ್ತಿನಲ್ಲಿ 50 ಕೋಟಿಯವರೆಗೂ ಇರಬಹುದೆಂದು ಅಂದಾಜು ಮಾಡಿದರು. ಆ ವರ್ಷ ಬಂದ ಆಂಡ್ರಾಯ್ಡ್ 6ರಿಂದ ಮೊದಲ್ಗೊಂಡು ಹೊಸ ಫೋನುಗಳಲ್ಲಿ ಗೂಢಲಿಪಿ ಕ್ರಮೇಣ ಕಡ್ಡಾಯವಾಗುತ್ತ, 2019ರ ಆಂಡ್ರಾಯ್ಡ್ 10ರ ಹೊತ್ತಿಗೆ ಅಗ್ಗದ ಹೊಸ ಫೋನುಗಳಿಗೂ ಬಂತು. ಐಫೋನುಗಳಲ್ಲಿ ಈ ಏರ್ಪಾಡು 2009ರಿಂದಲೇ ಇದೆ. ಎಂದರೆ ಇಂದಿನ ಫೋನನ್ನು ಕ್ರಮವಾಗಿ ಅಳಿಸಿ ಕೊಟ್ಟರೆ ನಿಶ್ಚಿಂತರಾಗಿರಬಹುದು. ಹತ್ತು ಹನ್ನೆರಡು ವರ್ಷ ಹಳೆಯ ಫೋನಿನ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು.

ಕ್ರಮವಾಗಿ ಎಂದರೆ ಹೇಗೆ? ಬೇಕಾದ ಚಿತ್ರ, ಕಾಗದಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಹಣ ಕಳಿಸುವ ಆ್ಯಪುಗಳಿಂದ, ವಾಟ್ಸಾಪಿನಿಂದ, ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬರಬೇಕು. ಖಾತೆಯಿಂದ ಹೊರಬರದೆ ಅಳಿಸಿದರೆ ಫೋನು ಬೀಗ ಬಿದ್ದು, ಕೊಂಡವರಿಗೆ ಉಪಯೋಗಕ್ಕೆ ಬಾರದು. ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದಿಟ್ಟುಕೊಳ್ಳಬೇಕು. ರೀಸೆಟ್ಟಿನಿಂದ ಕಾರ್ಡು ತಾನಾಗಿ ಅಳಿಯುತ್ತದೆಂದು ನಂಬುವಂತಿಲ್ಲ. ಆಮೇಲೆ ರೀಸೆಟ್. ಹಳೆಯ ಫೋನಾದರೆ ಸೆಟ್ಟಿಂಗಿನಲ್ಲಿ ಗೂಢಲಿಪಿಯ ಸೌಲಭ್ಯವಿದೆಯೇ ಎಂದು ನೋಡಿ, ಅದನ್ನು ಚಾಲೂ ಮಾಡಿದ ಬಳಿಕ ರೀಸೆಟ್ ಮಾಡಬೇಕು. ನಂಬರನ್ನೇ ಬಿಟ್ಟುಬಿಡುವವರು ಬ್ಯಾಂಕು, ಆಧಾರ್ ಮುಂತಾದ ಕಡೆಗಳಲ್ಲಿ ಮೊದಲು ನಂಬರು ಬದಲಿಸಿಕೊಳ್ಳಬೇಕು. ಬಿಟ್ಟ ನಂಬರನ್ನು 90 ದಿನಗಳ ಬಳಿಕ ಬೇರೊಬ್ಬರಿಗೆ ಕೊಡಬಹುದೆಂಬ ಸಂಗತಿ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೇ ಬಂದಿತ್ತು.

ಪೂರಾ ಕೆಟ್ಟು ಹೊತ್ತಿಕೊಳ್ಳದ ಫೋನನ್ನು ಅಳಿಸುವುದು ಸಾಧ್ಯವಿಲ್ಲ. ಅದನ್ನು ಬೀದಿಯಲ್ಲಿ ಟಬ್ಬಿಗೆ ಕೊಡದೆ ಇ-ತ್ಯಾಜ್ಯದ ಅಧಿಕೃತ ಕೇಂದ್ರಕ್ಕೆ ಒಪ್ಪಿಸುವುದು ಮೇಲು. ಸುತ್ತಿಗೆಯಿಂದ ಜಜ್ಜುವ ಸಾಹಸ ಬೇಡ. ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹತ್ತುತ್ತದೆ. 2024ರ ಆಗಸ್ಟಿನಲ್ಲಿ ತೆಲಂಗಾಣದ ರಾಮಗುಂಡಂ ಪೋಲೀಸರು ಮೂವರನ್ನು ಹಿಡಿದು ಸುಮಾರು 4,000 ಹಳೆಯ ಫೋನುಗಳನ್ನು ವಶಪಡಿಸಿಕೊಂಡರು. ಜನರಿಗೆ ಪ್ಲಾಸ್ಟಿಕ್ ಸಾಮಾನು ಕೊಟ್ಟು ಕೂಡಿಸಿದ ಆ ಫೋನುಗಳು ಸೈಬರ್ ವಂಚಕರ ಕೈ ಸೇರಲಿದ್ದವೆಂಬುದು ಪೋಲೀಸರ ಆರೋಪ.

ಹಾಗೆಂದು ಭಂಗಾರದವರನ್ನೆಲ್ಲ ಕಳ್ಳರಂತೆ ಕಾಣುವುದು ಮಹಾ ಅನ್ಯಾಯವಾದೀತು. ಅವರಲ್ಲಿ ಬಹುಮಂದಿ ನಮ್ಮಂತೆಯೇ ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವರು. ಅಳಿಸಿ ಕೊಡುವುದು ಅವರ ಮೇಲಿನ ಅಪನಂಬಿಕೆಯಿಂದ ಎಂದು ನಾನು ತಿಳಿಯುವುದಿಲ್ಲ. ಮನೆಗೆಲಸಕ್ಕೆ ಬರುವ ಬಾಯಿಯ ಮಗನಿಗೆ ಓದಲಿಕ್ಕೆಂದು ನಮ್ಮ ಹಳೆಯ ಫೋನನ್ನು ಕೊಡುತ್ತೇವೆ. ನಮ್ಮ ಸಂಸಾರವನ್ನೆಲ್ಲ ಒಳಗಿಟ್ಟು ಕೊಟ್ಟರೆ ಆ ಹುಡುಗನ ಮೇಲೆ ಒಂದು ಪ್ರಲೋಭನೆಯನ್ನು ಹೇರಿದಂತೆ; ನಾಳೆ ಎಲ್ಲೋ ಏನೋ ಎಡವಟ್ಟಾದರೆ ಮೊದಲ ಸಂಶಯ ಅವನ ಮೇಲೆಯೇ. ಬಡವನಿಗೆ ಸೀರೆ ಧೋತರ ಕೊಡುವಾಗ ಒಗೆದು ಮಡಿಸಿ ಕೊಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಇದೂ ಅದೇ ಬಗೆಯ ಮರ್ಯಾದೆ.

ಇಷ್ಟೆಲ್ಲ ರಗಳೆಯೇ ಬೇಡವೆಂದು ಹಳೆಯ ಫೋನುಗಳನ್ನು ಕಪಾಟಿನಲ್ಲಿ ಗುಡ್ಡೆ ಹಾಕುವವರೂ ಇದ್ದಾರೆ. ಅದರಿಂದ ಪ್ರಶ್ನೆ ಮುಂದೂಡಿತಷ್ಟೆ, ತೀರಲಿಲ್ಲ. ಫೋನಿನೊಳಗೆ ತಾಮ್ರವಿದೆ, ಕೋಬಾಲ್ಟ್ ಇದೆ, ಕಣಮಾತ್ರವಾದರೂ ನಿಜವಾದ ಬಂಗಾರವೇ ಇದೆ. ಭೂಮಿಯನ್ನು ಅಗೆದು ತೆಗೆದದ್ದು ಭೂಮಿಯ ಮೇಲಿನವರ ಉಪಯೋಗಕ್ಕೆ ಮತ್ತೆ ಬರಲಿ ಎಂಬುದೂ ಧರ್ಮವೇ. ಮೇಲಾಗಿ, ನಾವು ಇಟ್ಟದ್ದನ್ನು ನಮ್ಮ ನಂತರ ಯಾರು ತೆರೆಯುತ್ತಾರೆ?

ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ತಂದೆ ತೀರಿಕೊಂಡ ಮೇಲೆ ಅವರ ಫೋನು ಮಗನ ಕೈಗೆ ಬರುತ್ತದೆ. ಅದರಲ್ಲಿ ಅವರ ಧ್ವನಿಯಿದೆ, ನಗೆಯಿದೆ. ಅದನ್ನು ಅಳಿಸೆಂದು ಹೇಳಲು ಯಾರಿಗೆ ಮನಸ್ಸು ಬಂದೀತು? ಆದರೆ ಅವರ ಗೆಳೆಯರು ಅವರಲ್ಲಿ ತೋಡಿಕೊಂಡ ದುಃಖವೂ ಅದರಲ್ಲಿದೆ. ಮಗ ತಂದೆಯ ಆಸ್ತಿಗೆ ವಾರಸುದಾರ. ತಂದೆಯ ಮೇಲೆ ಇತರರು ಇಟ್ಟಿದ್ದ ನಂಬಿಕೆಗೂ ಅವನು ವಾರಸುದಾರನೆಂದು ನನಗೆ ತೋರುವುದಿಲ್ಲ. ಮನೆಯವರ ಚಿತ್ರ, ಧ್ವನಿ, ಲೆಕ್ಕಪತ್ರಗಳನ್ನು ತೆಗೆದಿಟ್ಟುಕೊಂಡು, ಉಳಿದ ಕಾಗದಗಳನ್ನು ಓದದೆಯೇ ಅಳಿಸುವುದು ಯೋಗ್ಯ. ಓದಬಹುದಾಗಿದ್ದೂ ಓದದಿರುವುದು ತೀರಿಕೊಂಡವರಿಗೆ ನಾವು ಸಲ್ಲಿಸಬಹುದಾದ ಒಂದು ಗೌರವ. ಬದುಕಿರುವಾಗಲೇ ಆಗಾಗ ನಮ್ಮ ಗಂಟನ್ನು ನಾವೇ ಹಗುರಮಾಡಿಕೊಂಡರೆ ಮಕ್ಕಳಿಗೆ ಈ ಸಂಕಟವೂ ತಪ್ಪುತ್ತದೆ.

ಈ ಕರ್ತವ್ಯಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ಇದನ್ನು ನೆರವೇರಿಸಿದರೆ ಯಾರೂ ನಮಗೆ ಕೃತಜ್ಞತೆ ಹೇಳುವುದಿಲ್ಲ. ತನ್ನ ಚಿತ್ರ ಅಳಿಯಿತೆಂದು ಧಾರವಾಡದಲ್ಲೋ ಶಿರಸಿಯಲ್ಲೋ ಇರುವ ಆ ಹೆಣ್ಣುಮಗಳಿಗೆ ಎಂದೂ ಗೊತ್ತಾಗದು. ನೆರವೇರಿಸದಿದ್ದರೂ ಬಹುಶಃ ಯಾರೂ ಕೇಳುವವರಿಲ್ಲ. ಸಾಕ್ಷಿಯಿಲ್ಲದ ಕಡೆ, ಲಾಭವಿಲ್ಲದ ಕಡೆ, ಅರ್ಧ ಗಂಟೆ ಕುಳಿತು ಪರರ ಗಂಟನ್ನು ಬಿಚ್ಚದೆಯೇ ಮುಗಿಸಿಬಿಡುವ ಮನುಷ್ಯನನ್ನು ನೋಡಿಯೇ ನಮ್ಮ ಹಿಂದಿನವರು ‘ನಂಬಿಗಸ್ಥ’ ಎಂಬ ಪದವನ್ನು ಬಳಸುತ್ತಿದ್ದಿರಬೇಕು.